ಎಲ್ಲರ ಫೋಲ್ಡರಿನ ಲಿಂಕ್

ಕಚೇರಿಯವರೆಲ್ಲ ಬಳಸುವ ಸರ್ವರ್ ಫೋಲ್ಡರಿನಲ್ಲಿ ಹೊಸ ಲಿಂಕೊಂದು ಕಾಣಿಸಿತು. ಶಿರಸ್ತೇದಾರರು ಒತ್ತಿದರು. ಸಾಹೇಬರ ಮೇಲೆ ಬರೆದು, ತಮ್ಮ ಕಂಪ್ಯೂಟರಿನ ಡಿ ಡ್ರೈವಿನಲ್ಲಿ ಬಚ್ಚಿಟ್ಟಿದ್ದ ಮೂಗರ್ಜಿಗಳೆಲ್ಲ ಅಲ್ಲಿ ಸಾಲಾಗಿ ಕುಳಿತಿದ್ದವು! ತಲೆಯೆತ್ತಿದರೆ ಪ್ರತಿ ಮೇಜಿನವರ ಕಣ್ಣೂ ತಂತಮ್ಮ ಪರದೆಯ ಮೇಲೆಯೇ.

ಅಷ್ಟರಲ್ಲಿ ಸರ್ವರ್ ನೋಡಿಕೊಳ್ಳುವಾಕೆಯನ್ನು ಕರೆದುಕೊಂಡು ಸಾಹೇಬರೇ ಎದುರಿಗೆ ಬಂದು ನಿಂತರು.

"ಆ ಹೊಸ ಲಿಂಕ್ ಒತ್ತಿದ್ರಾ? ಏನ್ ಕಾಣಿಸ್ತು?"

ಶಿರಸ್ತೇದಾರರ ಅಂಗಿ ಬೆನ್ನಿಗೆ ಅಂಟಿತು. "ಮೂಗರ್ಜಿ ಬರ್ದಿದ್ದು ನಾನೇ ಸಾರ್. ಎಲ್ರೂ ನೋಡಿ ಆಯ್ತಲ್ಲ, ಇನ್ನೇನ್ ಮುಚ್ಚಿಡ್ಲಿ? ತಪ್ಪಾಯ್ತು."

ಸರ್ವರ್ ನೋಡಿಕೊಳ್ಳುವಾಕೆ ಶಿರಸ್ತೇದಾರರಿಗೆ ಮೆಲ್ಲಗೆ ಹೇಳಿದಳು:

"ಆ ಲಿಂಕಿಗೆ ತಪ್ಪು ದಾರಿ ಕೊಟ್ಬಿಟ್ಟಿದೀನಿ ಸಾರ್. ಯಾರು ಒತ್ತಿದ್ರೂ ಅವರವರ ಡಿ ಡ್ರೈವೇ ತೆರ್ಕೊಳ್ಳುತ್ತೆ. ನಿಮ್ಮದನ್ನ ನೀವೊಬ್ರೇ ನೋಡಿರೋದು."