ಆರ್ವೊ ಸಾಲ್ಮೆಲನ ಒಂಬತ್ತು ಅರ್ಜಿಗಳು

ಮುದುಕ ಮತ್ತೆ ಬಂದಿದ್ದ.

ಮಾರ್ಲಾ ತಲೆ ಎತ್ತದೆಯೇ ಗುರುತಿಸಿದಳು. ಬಾಗಿಲಲ್ಲಿ ಬೂಟಿನ ಹಿಮ ಕೊಡವುವ ಸದ್ದು, ಏಲಕ್ಕಿ ಬ್ರೆಡ್ಡಿನ ಘಮ, ಹಿಂದೆಯೇ ಆ ಸಿಳ್ಳೆ. ಬುಧವಾರ, ಬೆಳಗಿನ ಹತ್ತು ಗಂಟೆ. ಇದು ಒಂಬತ್ತನೆಯ ಬುಧವಾರ.

"ಬಂದ ನೋಡಿ ನಿಮ್ಮ ಗಿರಾಕಿ," ಎಂದು ಪಿಸುಗುಟ್ಟಿದಳು.

"ನನ್ನವನಲ್ಲ, ನಿನ್ನವನು," ಎಂದರು ಹಿರಿಯಾಕೆ ಹಿಲ್ಮಾ, ಹೆಣೆಯುತ್ತಿದ್ದ ಕಾಲುಚೀಲ ಬಿಡದೆ. "ನನ್ನ ಕನ್ನಡಕ ಮಂಜಾಗಿದೆ. ನೀನೇ ವಿಚಾರಿಸು."

ಪ್ರತಿ ಬುಧವಾರವೂ ಇವರ ಕನ್ನಡಕ ಮಂಜಾಗುತ್ತಿತ್ತು.

ಸುಪೀರಿಯರ್ ಸರೋವರದ ದಂಡೆಯ ಕಾಪರ್ ಬೆಂಡ್ ಊರಿನಲ್ಲಿ ಯಾರೇ ವಿಮಾನ ಹತ್ತಿ ಪರದೇಶಕ್ಕೆ ಹೋಗಬೇಕಿದ್ದರೂ ಮೊದಲು ಪಾಸ್‌ಪೋರ್ಟ್ ಕಚೇರಿಯ ಈ ಕಿಟಕಿಗೆ ಬರಬೇಕು. ಮೂವತ್ತೊಂದು ವರ್ಷ ಪಾಸ್‌ಪೋರ್ಟ್ ಅರ್ಜಿಗಳನ್ನು ಜರಡಿ ಹಿಡಿದ ಹಿಲ್ಮಾ ಲಾಹ್ಟಿ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಾರೆ. ಆ ಕುರ್ಚಿ ಮಾರ್ಲಾಳಿಗೆ ಸಿಗುವುದೋ ಇಲ್ಲವೋ ಎಂಬುದು ಅವರು ಬರೆಯುವ ಒಂದು ಪತ್ರದ ಮೇಲೆ ನಿಂತಿತ್ತು.

ಮಾರ್ಲಾಳಿಗೆ ಆಸೆ ಹೆಚ್ಚೇನೂ ಉಳಿದಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರವೇ ಒಬ್ಬ ವಧುವಿನ ಅರ್ಜಿಯನ್ನು, ಫೋಟೊದಲ್ಲಿ ಇರಬಾರದ ಕನ್ನಡಕ ಇರುವುದನ್ನು ಗಮನಿಸದೆ, ಮುಂದಕ್ಕೆ ಕಳಿಸಿಬಿಟ್ಟಿದ್ದಳು. ಅರ್ಜಿ ವಾಪಸು ಬಂತು. ವರ ಒಬ್ಬನೇ ಮೆಕ್ಸಿಕೊಗೆ ಹೋಗಿ, ಮಧುಚಂದ್ರ ಮುಗಿಸಿ, ಚೆನ್ನಾಗಿ ಬಿಸಿಲು ಕಾಯಿಸಿಕೊಂಡು ಬಂದ. ಊರಿಗೆ ಊರೇ ನಕ್ಕಿತು. ವಧು ಮಾತ್ರ ಇನ್ನೂ ನಕ್ಕಿಲ್ಲ.

ಅಂದಿನಿಂದ ಮಾರ್ಲಾ ನಿಯಮಗಳ ಪುಸ್ತಕವನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗುತ್ತಿದ್ದಳು. ಹಾಗೆಂದೇ ಆರ್ವೊ ಸಾಲ್ಮೆಲನ ಮೇಲೆ ಅವಳ ಕಣ್ಣು ಬಿದ್ದದ್ದು. ಸರೋವರದಲ್ಲಿ ನಲವತ್ತು ವರ್ಷ ಫೆರಿ ದೋಣಿ ಓಡಿಸಿದ ವಿಧುರ. ವಾರಕ್ಕೊಂದು ಅರ್ಜಿ, ಅರ್ಜಿಗೊಂದೇ ತಪ್ಪು. ಇಲ್ಲಿ ಕಿಟಕಿಯೆದುರೇ ಹಾಕಬೇಕಾದ ಸಹಿಯನ್ನು ಒಮ್ಮೆ ಮನೆಯಲ್ಲೇ ಹಾಕಿ ತಂದ. ಇನ್ನೊಮ್ಮೆ ಜನನ ಪತ್ರದ ಮೂಲ ಪ್ರತಿಯ ಬದಲು ಜೆರಾಕ್ಸ್. ಮತ್ತೊಮ್ಮೆ ತಲೆತುಂಬ ಕೂದಲಿದ್ದ ಕಾಲದ ಫೋಟೊ. ಹೋಗುವ ಊರಂತೂ ವಾರವಾರ ಬದಲು: ಐಸ್‌ಲ್ಯಾಂಡ್, ಪೋರ್ಚುಗಲ್, ಫಿಜಿ.

"ಇವನು ಪೊಲೀಸರಿಂದ ತಪ್ಪಿಸಿಕೊಂಡು ಓಡ್ತಿದ್ದಾನೆ," ಎಂದು ಮಾರ್ಲಾ ಹಿಲ್ಮಾರ ಕಿವಿಯಲ್ಲಿ ಹೇಳಿದ್ದಳು.

"ಎಂಟು ವಾರದಿಂದಾನಾ? ಭಾರೀ ನಿಧಾನದ ಓಟ ಕಣೆ."

"ಆ ಬ್ರೆಡ್ಡು? ಲಂಚ ಅಲ್ವಾ ಅದು?"

"ಲಂಚವೇ. ಇನ್ನೊಂದು ತುಂಡು ಕೊಡು."

ಈಚೆಗೆ ಅವನು ಗಡ್ಡ ಬೋಳಿಸಿ, ಟೈ ಬೇರೆ ಕಟ್ಟಿಕೊಂಡು ಬರತೊಡಗಿದ್ದ. ಅದು ಮಾರ್ಲಾಳ ಅನುಮಾನಕ್ಕೆ ಇನ್ನಷ್ಟು ತುಪ್ಪ ಸುರಿದಿತ್ತು. ವೇಷ ಬದಲಿಸುವವರು ಇನ್ನೇನು ಮಾಡುತ್ತಾರೆ?

ಈಗ ಅವನು ಅರ್ಜಿಯನ್ನು ಕಿಟಕಿಯೊಳಗೆ ಸರಿಸಿದ.

ಮಾರ್ಲಾ ಓದಿದಳು. ಇನ್ನೊಮ್ಮೆ ಓದಿದಳು. ಕಪ್ಪು ಶಾಯಿ, ಹೊಸ ಫೋಟೊ, ಮೂಲ ಜನನ ಪತ್ರ, ಖಾಲಿ ಬಿಟ್ಟ ಸಹಿಯ ಜಾಗ. ಬೆರಳಿಟ್ಟು ಸಾಲು ಸಾಲಾಗಿ ಮೂರನೆಯ ಸಲ ಓದಿದಳು. ಒಂದೇ ಒಂದು ತಪ್ಪಿಲ್ಲ. ತಪ್ಪು ಇಲ್ಲವೋ, ತನಗೆ ಕಾಣುತ್ತಿಲ್ಲವೋ?

ಹಿಂದೆ ಹಿಲ್ಮಾರ ಹೆಣಿಗೆ ಕಡ್ಡಿಗಳ ಸದ್ದು ನಿಂತಿತ್ತು.

"ಗುರುತಿನ ಚೀಟಿ," ಎಂದಳು ಮಾರ್ಲಾ.

ಆರ್ವೊ ಕೋಟಿನ ಜೇಬಿಗೆ ಕೈ ಹಾಕಿ, ಕೈಗೆ ಸಿಕ್ಕಿದ್ದನ್ನು ನೋಡದೆಯೇ ಇಟ್ಟ. ಅವನ ಕಣ್ಣು ಮಾರ್ಲಾಳ ಹೆಗಲಾಚೆ ಎಲ್ಲೋ ಇತ್ತು.

ಅದು ಪ್ರತಿ ವಾರ ತೋರಿಸುತ್ತಿದ್ದ ಲೈಸೆನ್ಸ್ ಆಗಿರಲಿಲ್ಲ. ನೀಲಿ ರಟ್ಟಿನ ಪುಟ್ಟ ಪುಸ್ತಕ. ಒಳಗೆ ಇವನದೇ ಮುಖ, ಮೂರು ದೇಶಗಳ ಮುದ್ರೆ. ಇನ್ನೂ ಆರು ವರ್ಷ ನಡೆಯುವ, ಗಟ್ಟಿಮುಟ್ಟಾದ ಪಾಸ್‌ಪೋರ್ಟ್!

ಮಾರ್ಲಾ ಎದ್ದ ರಭಸಕ್ಕೆ ಕುರ್ಚಿ ಮಗುಚಿ ಬಿತ್ತು.

"ಅಲ್ಲಾಡ್ಬೇಡಿ! ಹಿಲ್ಮಾ, ಬಾಗಿಲು ಹಾಕಿ! ಇವರ ಹತ್ರ ಆಗ್ಲೇ ಪಾಸ್‌ಪೋರ್ಟ್ ಇದೆ!"

ಆರ್ವೊ ಎರಡೂ ಕೈ ಮೇಲೆತ್ತಿದ. ಒಂದರಲ್ಲಿ ಬ್ರೆಡ್ಡಿತ್ತು.

ಹಿಲ್ಮಾ ಬಾಗಿಲು ಹಾಕಲಿಲ್ಲ. ಹೊಟ್ಟೆ ಹಿಡಿದುಕೊಂಡು, ಮೇಜಿಗೆ ಒರಗಿಕೊಂಡು, ಕಣ್ಣೀರು ಬರುವಷ್ಟು ನಕ್ಕರು.

"ಇದೆ ಅಂತ ನನಗೆ ಗೊತ್ತು ಹುಡುಗಿ. ಅದನ್ನ ಮಾಡಿಸಿಕೊಟ್ಟವಳೇ ನಾನು. ಇವರನ್ನ ಕಳಿಸಿದ್ದೂ ನಾನೇ. ಆ ಮಧುಚಂದ್ರ ಆದ್ಮೇಲೆ ನಿನ್ನ ಕಣ್ಣು ಪರೀಕ್ಷೆ ಮಾಡದೆ ಈ ಕಿಟಕಿ ಹ್ಯಾಗೆ ಬಿಟ್ಟುಹೋಗ್ಲಿ? ವಾರಕ್ಕೊಂದು ತಪ್ಪು ಮಾಡ್ಕೊಂಡು ಬನ್ನಿ ಅಂದಿದ್ದೆ. ಒಂದನ್ನೂ ನೀನು ಬಿಡ್ಲಿಲ್ಲ. ಮೇಲಿನವರಿಗೆ ಪತ್ರ ಹೋಗಾಯ್ತು. ಕುರ್ಚಿ ನಿನ್ನದೇ. ಮೊದಲು ಎತ್ತಿ ನಿಲ್ಲಿಸು."

ಮಾರ್ಲಾ ಕಿರುಚಿದಳು. ಹಿಲ್ಮಾರನ್ನು ಅಪ್ಪಿಕೊಂಡಳು. ಕಿಟಕಿಯಿಂದ ಅರ್ಧ ಹೊರಗೆ ಬಾಗಿ ಆರ್ವೊನ ಬೋಳುತಲೆಗೆ ಮುತ್ತಿಟ್ಟಳು. ಕುರ್ಚಿ ಎತ್ತಿ, ಕೂತು, ಒಂದು ಸುತ್ತು ತಿರುಗಿದಳು. ತಿರುಗುತ್ತಿದ್ದಂತೆ ಅವಳಿಗೊಂದು ವಿಷಯ ಹೊಳೆಯಿತು.

"ಆದ್ರೆ ಇವತ್ತಿನ ಅರ್ಜೀಲಿ ತಪ್ಪೇ ಇಲ್ವಲ್ಲ?"

"ಮರ್ತೇಬಿಟ್ಟೆ," ಎಂದ ಆರ್ವೊ, ಕೈ ಇನ್ನೂ ಮೇಲೆಯೇ. "ಟೈ ಗಂಟು ಸರಿ ಬರ್ತಿರ್ಲಿಲ್ಲ. ಅದರ ಗಡಿಬಿಡೀಲಿ…"

"ಪತ್ರ ಯಾವಾಗ ಕಳಿಸಿದ್ರಿ, ಹಿಲ್ಮಾ?"

"ಆರನೇ ವಾರ. ಆರು ತಪ್ಪು ಸಾಕು ಅಂತ ಆಗಿತ್ತು ನಮ್ಮ ಮಾತು."

"ಮತ್ತೆ ಇದು ಒಂಬತ್ತನೇದು!"

ಆರ್ವೊನ ಕಿವಿಗಳು ಕೆಂಪಗಾದವು.

"ಆಮೇಲಿನ ಮೂರು ವಾರ ಬನ್ನಿ ಅಂತ ನಾನು ಹೇಳಿರ್ಲಿಲ್ಲ," ಎಂದರು ಹಿಲ್ಮಾ, ಅಂದು ಮೊದಲ ಬಾರಿಗೆ ಅವನ ಮುಖವನ್ನು ನೇರವಾಗಿ ನೋಡುತ್ತ. "ಬರಬೇಡಿ ಅಂತಾನೂ ಹೇಳಿರ್ಲಿಲ್ಲ."