ಅಪ್ಪಟ ಗೀರು

"ಇದು ಯಾರೋ ಬೇಕಂತಲೇ ಗೀಚಿದ ಹಾಗಿದೆ ಕಣಮ್ಮ," ಎಂದು ಗಿಟಾರು ಕಾರ್ಖಾನೆಯ ಮೇಸ್ತ್ರಿ ಅವಳು ಗೀಚಿಕೊಟ್ಟ ಹನ್ನೊಂದನೇ ಗಿಟಾರನ್ನೂ ಪಕ್ಕಕ್ಕೆ ತಳ್ಳಿದಾಗ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಬೇಕಂತಲೇ ಗೀಚುವುದೇ ಅಲ್ಲವೇ ಅವಳ ಕೆಲಸ! ಅರವತ್ತು ವರ್ಷ ಹಳೆಯ ಗಿಟಾರೊಂದನ್ನು ಎದುರಿಗಿಟ್ಟುಕೊಂಡು, ಅದರ ಮೇಲಿನ ಗೀರುಗಳನ್ನೆಲ್ಲ ಹೊಚ್ಚಹೊಸ ಗಿಟಾರುಗಳ ಮೇಲೆ ಮೂಡಿಸಬೇಕು. ಹಳೆಯದರ ಹುಚ್ಚು ಹತ್ತಿದವರು ಅವನ್ನು ಮುಗಿಬಿದ್ದು ಕೊಳ್ಳುತ್ತಾರೆ.

"ಹಾಗಾದ್ರೆ ನೀವೇ ಗೀಚ್ಕೊಳ್ಳಿ ಮೇಸ್ತ್ರಿ! ನನಗೆ ಸಾಕಾಗಿಹೋಯ್ತು, ನಾಳೆಯಿಂದ ಬರಲ್ಲ."

ಸಾಮಾನಿನ ಬೀರುವಿನ ಬೀಗದ ಕೈ ಗೊಂಚಲನ್ನು ಅವಳು ಮೇಜಿನತ್ತ ಎಸೆದಳು. ಅದು ಹನ್ನೆರಡನೇ ಗಿಟಾರಿಗೆ ಬಡಿದು, ಉದ್ದಕ್ಕೆ ಕೆರೆದುಕೊಂಡು ನೆಲಕ್ಕೆ ಬಿತ್ತು.

ಮೇಸ್ತ್ರಿ ಬಗ್ಗಿ ನೋಡಿದ. ಮುಖ ಅರಳಿತು.

"ಇದು ನೋಡು ಅಪ್ಪಟ ಗೀರು! ಉಳಿದ ಇನ್ನೂರಕ್ಕೂ ಇಂಥದ್ದೇ ಹಾಕಮ್ಮ," ಎನ್ನುತ್ತ ಗೊಂಚಲನ್ನು ಹೆಕ್ಕಿ, ಜೋಪಾನವಾಗಿ ಮತ್ತೆ ಅವಳ ಕೈಗೇ ಇಟ್ಟ.