ಪದ್ಮಾಂಬ ಟೀಚರ ಮುಖ

ವಿಶೇಷ ಮಕ್ಕಳಿಗೆ ಹೊಸ ಮುಖ ಒಗ್ಗದೆಂದು, ಆ ಶಾಲೆಗೆ ಯಾರೇ ಟೀಚರಾಗಿ ಬಂದರೂ ಮೊದಲಿದ್ದ ಪದ್ಮಾಂಬ ಟೀಚರ ಮುಖವನ್ನೇ ತೊಡಬೇಕಿತ್ತು. ತೊಟ್ಟರೆ ದನಿಯೂ ಅವರದೇ ಬರುತ್ತಿತ್ತು. ವನಜಾಕ್ಷಿ ಹನ್ನೊಂದನೆಯವಳು. ಇಪ್ಪತ್ತಾರು ಮಕ್ಕಳಿಗೆ ಒಬ್ಬಳೇ ಉಣಿಸಿ, ತೊಳೆದು, ಕಚ್ಚಿಸಿಕೊಂಡು, ಎಂಟೇ ತಿಂಗಳಿಗೆ ಹೈರಾಣಾಗಿದ್ದಳು.

ರಾಜೀನಾಮೆ ಓದಿದ ಹೆಡ್‌ಮಾಸ್ತರು ತಲೆಯೆತ್ತಲಿಲ್ಲ. "ಮುಖ ಮೊಳೆಗೆ ಹಾಕಿ ಹೋಗಮ್ಮ. ಸೋಮವಾರ ಇನ್ನೊಬ್ರು ಬರ್ತಾರೆ."

ಹಿಂದಿನ ಹತ್ತು ಜನರಂತೆ ಅವಳೂ, "ನಾಳೆ ಬರ್ತೀನಿ ಮಕ್ಳಾ," ಎಂದು ಸುಳ್ಳು ಹೇಳಿ, ಹೊರಗೆ ಬಂದು ಮುಖ ಕಳಚಿ ಮೊಳೆಗೆ ಹಾಕಿದಳು. ಚಪ್ಪಲಿ ಮೆಟ್ಟಿ ತಿರುಗಿದರೆ, ಎಂದೂ ಮಾತಾಡದ ಹುಡುಗಿ ಇಂಚರ ಆ ಮುಖ ತೊಟ್ಟು ಬಾಗಿಲಲ್ಲಿ ನಿಂತಿದ್ದಳು.

"ನಾಳೆ ಬರ್ತೀನಿ ಮಕ್ಳಾ," ಎಂದಳು, ಪದ್ಮಾಂಬ ಟೀಚರ ದನಿಯಲ್ಲಿ.

ಒಳಗಿದ್ದ ಮಕ್ಕಳೆಲ್ಲ ಆ ಮುಖಕ್ಕೆ ಟಾಟಾ ಮಾಡಿದರು. ವನಜಾಕ್ಷಿಯ ಮುಖ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.